ಜಾಕ್ ಯಾರು? ಇಂಗ್ಲಿಷ್ ಪದವೊಂದರ ಬೇರು ಹುಡುಕುವ ಕ್ರಮ

ಜೀಪಿನ ಚಕ್ರ ಬಿಚ್ಚಲು ಬೇಕಾಗುವುದು ಜಾಕ್. ಇಸ್ಪೀಟಿನ ಗುಲಾಮ ಇಂಗ್ಲಿಷಿನಲ್ಲಿ ಜಾಕ್. ಇಯರ್‌ಫೋನ್ ಸಿಕ್ಕಿಸುವ ತೂತಿಗೂ ಜಾಕ್. ಹಲಸಿನ ಹಣ್ಣು ಜಾಕ್‌ಫ್ರೂಟ್. ವಿಮಾನ ಅಪಹರಿಸಿದರೆ ಹೈಜಾಕ್, ಲಾಟರಿ ಹೊಡೆದರೆ ಜಾಕ್‌ಪಾಟ್, ಚಳಿಗೆ ಹಾಕುವುದು ಜಾಕೆಟ್, ಗುಳ್ಳೆನರಿ ಜಾಕಾಲ್. ಇವುಗಳಲ್ಲಿ ಯಾವುದು ಯಾವುದಕ್ಕೆ ನೆಂಟ? ಯಾವುದು ಸುಮ್ನೆ ಹೆಸರು ಹೊಂದಿಕೊಂಡದ್ದು? ಒಂದು ಮೊಬೈಲು, ಒಂದು ನೋಟುಬುಕ್ಕು ಇದ್ದರೆ ಇದನ್ನು ಯಾರು ಬೇಕಾದರೂ ಪತ್ತೆ ಮಾಡಬಹುದು. ಹೇಗೆ ಅಂತ ಜಾಕ್‌ನನ್ನೇ ಹಿಡಿದುಕೊಂಡು ತೋರಿಸುತ್ತೇನೆ.

ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಪಂಚಾಯಿತಿಯ ಗ್ರಂಥಾಲಯ ನೋಡಿಕೊಳ್ಳುವವಳು. ಬೋರ್ಡಿನ ಮೇಲೆ ಈಗ 'ಅರಿವು ಕೇಂದ್ರ' ಅಂತ ಇದೆ. ಊರಿನವರ ಬಾಯಲ್ಲಿ ಇನ್ನೂ ಲೈಬ್ರರಿಯೇ. ಹೈಸ್ಕೂಲು ಮಕ್ಕಳು ಸಂಜೆ ಬಸ್ಸು ಬರುವ ತನಕ ಇಲ್ಲೇ ಕೂರುತ್ತಾರೆ. ಪೇಪರು ತಿರುವಿ ಹಾಕಿ, ಚೆಸ್ ಬೋರ್ಡಿಗೆ ಜಗಳ ಆಡಿ, ಬೇಜಾರಾದ ಮೇಲೆ ನಾವು ಆಡುವ ಆಟ ಇದು. ಇಂಗ್ಲಿಷ್ ಚೆನ್ನಾಗಿ ಬರಬೇಕು ಅಂತೇನೂ ಇಲ್ಲ. ಎರಡು ಇಸವಿ ಪಕ್ಕಪಕ್ಕ ಇಟ್ಟು ನೋಡುವ ತಾಳ್ಮೆ ಇದ್ದರೆ ಸಾಕು.

ಮೊದಲು ಕಿವಿ, ಆಮೇಲೆ ನಿಘಂಟು

ನಿಘಂಟು ತೆಗೆಯುವ ಮೊದಲು, ಆ ಪದವನ್ನು ಜನ ಎಲ್ಲೆಲ್ಲಿ ಹೇಳುತ್ತಾರೆ ಅಂತ ಕಿವಿಗೊಟ್ಟು ಕೇಳಿ. ಕೇಳಿದ್ದನ್ನು ಪೂರ್ತಿ ವಾಕ್ಯವಾಗಿ ಬರೆದುಕೊಳ್ಳಿ. ಬರೀ 'ಜಾಕ್' ಅಂತ ಬರೆದಿಟ್ಟರೆ ಯಾವ ಜಾಕ್ ಅಂತ ನಾಳೆ ನಿಮಗೇ ನೆನಪಿರುವುದಿಲ್ಲ. 'ಜಾಕಿ ಕೊಡೋ, ಸ್ಟೆಪ್ನಿ ಹಾಕಬೇಕು' ಅಂತ ಬರೆದರೆ ಜಾಗ, ಕೆಲಸ, ಹೇಳಿದವರ ದನಿ ಎಲ್ಲ ಸಿಗುತ್ತದೆ. (ಸ್ಟೆಪ್ನಿಯೂ ಒಂದು ಊರಿನ ಬೀದಿಯ ಹೆಸರು. ವೇಲ್ಸ್‌ನ ಲಾನೆಲಿಯಲ್ಲಿ ಸ್ಟೆಪ್ನಿ ಸ್ಟ್ರೀಟ್ ಅಂತ ಇದೆ. ಹೆಚ್ಚುವರಿ ಚಕ್ರ ಮಾಡುತ್ತಿದ್ದ ಕಂಪನಿ ಇದ್ದದ್ದು ಅಲ್ಲಿ. ಅದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ.)

ಕನ್ನಡದ ಬಾಯಿಗೆ ಬಂದ ಮೇಲೆ ಪದ ಸ್ವಲ್ಪ ಬದಲಾಗಿರುತ್ತದೆ, ಅದನ್ನೂ ಬಿಡಬೇಡಿ. ಗ್ಯಾರೇಜಿನಲ್ಲಿ ಜಾಕ್ ಅನ್ನುವುದಕ್ಕಿಂತ ಜಾಕಿ ಅನ್ನುವುದೇ ಜಾಸ್ತಿ. ಬಟ್ಟೆ ಅಂಗಡಿಯಲ್ಲಿ ಜಾಕಿ ಅಂದರೆ ಬನಿಯನ್ನು ಚಡ್ಡಿಯ ಬ್ರ್ಯಾಂಡು. ಕುದುರೆ ರೇಸಿನಲ್ಲಿ ಜಾಕಿ ಅಂದರೆ ಸವಾರ. ಅಜ್ಜಿಯಂದಿರು ರವಿಕೆಗೆ 'ಜಾಕೀಟು' ಅನ್ನುತ್ತಿದ್ದರು. ಒಬ್ಬಳು ಹುಡುಗಿ 'ಅಕ್ಕಾ, ಜಾಕೀಟು ಕನ್ನಡ ಅಲ್ವಾ?' ಅಂತ ಕೇಳಿದಳು. 'ಅದನ್ನೂ ಬರ್ಕೋ ಮಾರಾಯ್ತಿ, ಆಮೇಲೆ ನೋಡಣ' ಅಂದೆ. ಈ ಹಂತದಲ್ಲಿ ಯಾವುದನ್ನೂ ಹೊಡೆದುಹಾಕಬಾರದು.

ಹೆಗಲ ಮೇಲಿನ ಅಂಕಿ

ಈಗ ನಿಘಂಟು. ಅರ್ಥಕ್ಕೆ ಆಮೇಲೆ ಬನ್ನಿ. ಮೊದಲು ಪದದ ಹೆಗಲ ಮೇಲೆ ಸಣ್ಣದಾಗಿ 1, 2 ಅಂತ ಅಂಕಿ ಇದೆಯಾ ನೋಡಿ. ದೊಡ್ಡ ಇಂಗ್ಲಿಷ್ ನಿಘಂಟುಗಳಲ್ಲಿ ಒಂದೇ ಅಂಕಿಯ ಕೆಳಗೆ ಬರುವ ಅರ್ಥಗಳು ಅಣ್ಣತಮ್ಮಂದಿರು. ಅಂಕಿ ಬದಲಾಯಿತು ಅಂದರೆ ಸಾಮಾನ್ಯವಾಗಿ ಮನೆಯೇ ಬೇರೆ. ಇಂಟರ್ನೆಟ್ಟಿನ ವಿಕ್ಷನರಿ ನಿಘಂಟಿನಲ್ಲಾದರೆ 'ಎಟಿಮಾಲಜಿ 1', 'ಎಟಿಮಾಲಜಿ 2' (ಎಟಿಮಾಲಜಿ ಅಂದರೆ ಪದದ ಹುಟ್ಟು) ಅಂತ ತಲೆಬರಹವನ್ನೇ ಬೇರೆ ಮಾಡಿರುತ್ತಾರೆ.

ಅದರ ಹತ್ತಿರವೇ ಚೌಕದ ಕಂಸದಲ್ಲಿ ಒಂದಷ್ಟು ಮೊಟಕು ಅಕ್ಷರಗಳು ಇರುತ್ತವೆ. ಮಕ್ಕಳು ಅದನ್ನು ಹಾರಿಸಿ ಮುಂದೆ ಹೋಗುತ್ತಾರೆ. ನಮಗೆ ಬೇಕಾದದ್ದೇ ಅದು. ಓ.ಇ. ಅಂದರೆ ಓಲ್ಡ್ ಇಂಗ್ಲಿಷ್, ಸುಮಾರು 1100ರ ತನಕದ್ದು. ಎಂ.ಇ. ಅಂದರೆ ಮಿಡಲ್ ಇಂಗ್ಲಿಷ್, ಅಲ್ಲಿಂದ ಸುಮಾರು 1500ರ ತನಕ. ಓ.ಎಫ್. ಅಂದರೆ ಹಳೆಯ ಫ್ರೆಂಚ್. 1066ರಲ್ಲಿ ನಾರ್ಮಂಡಿಯವರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚ್ ಪದಗಳು ಅಲ್ಲಿಗೆ ನುಗ್ಗಿದವು. ಹಾಗಾಗಿ ಓ.ಎಫ್. ಪದೇ ಪದೇ ಸಿಗುತ್ತದೆ. ನಡುವೆ ಅಡ್ಡ ಮಲಗಿದ ವಿ ಅಕ್ಷರದಂಥ ಗುರುತು ಇದ್ದರೆ 'ಇದು ಅದರಿಂದ ಬಂತು' ಅಂತ ಓದಿಕೊಳ್ಳಿ.

ದುಡ್ಡು ಕೊಡದೆ ನೋಡಲು ನಾನು ಬಳಸುವುದು ಮುಖ್ಯವಾಗಿ ಎರಡು. ಒಂದು, ಡಗ್ಲಸ್ ಹಾರ್ಪರ್ ಕಟ್ಟಿದ ಎಟಿಮ್‌ಆನ್‌ಲೈನ್ ಅನ್ನುವ ಜಾಲತಾಣ. ಪದ ಯಾವ ಅರ್ಥದಲ್ಲಿ ಯಾವ ಕಾಲಕ್ಕೆ ಬರಹದಲ್ಲಿ ಸಿಕ್ಕಿತು ಅಂತ ಅದರಲ್ಲಿ ಇಸವಿ ಕೊಡುತ್ತಾರೆ. ಇನ್ನೊಂದು ಹಾಬ್ಸನ್-ಜಾಬ್ಸನ್. ಹೆನ್ರಿ ಯೂಲ್ ಮತ್ತು ಬರ್ನೆಲ್ ಸೇರಿ 1886ರಲ್ಲಿ ತಂದ ಈ ನಿಘಂಟಿನಲ್ಲಿ ಇಂಡಿಯಾದಿಂದ ಇಂಗ್ಲಿಷಿಗೆ ಹೋದ ಪದಗಳೇ ತುಂಬಿವೆ. ಶಿಕಾಗೋ ವಿಶ್ವವಿದ್ಯಾಲಯದವರು ಅದನ್ನು ಪೂರ್ತಿ ಇಂಟರ್ನೆಟ್ಟಿಗೆ ಹಾಕಿದ್ದಾರೆ. ಅದರಲ್ಲಿ ಜಾಕ್ ಅಂತ ಹುಡುಕಿದರೆ ಎರಡು ಸಿಗುತ್ತವೆ. ಒಂದು, ಕಂಪನಿ ಸರ್ಕಾರದ ಸಿಪಾಯಿಯನ್ನು ಕರೆಯುತ್ತಿದ್ದ 'ಜಾಕ್ ಸಿಪಾಯಿ'. ಇನ್ನೊಂದು ಹಲಸು. ಅಲ್ಲಿಗೆ ನಮ್ಮ ಪಟ್ಟಿ ಎರಡು ಹೋಳಾಯಿತು.

ಆಳು ಜಾಕ್

ಮನುಷ್ಯನಿಂದ ಶುರು ಮಾಡಿ. ಜಾಕ್ ಅನ್ನುವುದು ಜಾನ್ ಹೆಸರಿನ ಮುದ್ದು ರೂಪ. ಹೇಗೆ ಸಾಧ್ಯ ಅಂತ ಮಕ್ಕಳು ಜಗಳಕ್ಕೆ ಬರುತ್ತಾರೆ. ಜಾನ್‌ಗೆ ಜಾನ್‌ಕಿನ್, ಅಂದರೆ ಪುಟ್ಟ ಜಾನ್. ಅದು ಸವೆದು ಜ್ಯಾಕಿನ್, ಕೊನೆಗೆ ಜ್ಯಾಕ್. ನಾರಾಯಣ ನಮ್ಮಲ್ಲಿ ನಾಣಿ ಆಗಲಿಲ್ವಾ? ಕೃಷ್ಣ ಕಿಟ್ಟಿ ಆಗಲಿಲ್ವಾ?

ಮಿಡಲ್ ಇಂಗ್ಲಿಷ್ ಕಾಲದ ಇಂಗ್ಲೆಂಡಿನಲ್ಲಿ ಎಲ್ಲಿ ನೋಡಿದರೂ ಜಾನ್‌ಗಳೇ. ಹಾಗಾಗಿ ಜಾಕ್ ಅಂದರೆ 'ಯಾವನೋ ಒಬ್ಬ' ಅನ್ನುವ ಅರ್ಥ ಬಂತು. ನಾವು 'ಯಾವನೋ ಒಬ್ಬ ತಿಮ್ಮ' ಅನ್ನುವುದಿಲ್ಲವೇ, ಅದೇ. ಯಾವನೋ ಒಬ್ಬನಿಂದ ಕೂಲಿಯಾಳು, ಹಡಗಿನ ಆಳು, ಮನೆಯ ಆಳು. ಮರ ಕಡಿಯುವವನು ಲಂಬರ್‌ಜಾಕ್. ಎಲ್ಲ ಕೆಲಸಕ್ಕೂ ಕೈಹಾಕುವವನು 'ಜಾಕ್ ಆಫ್ ಆಲ್ ಟ್ರೇಡ್ಸ್'. ಇಂಗ್ಲೆಂಡಿನ ಉತ್ತರಕ್ಕೆ, ಸ್ಕಾಟ್ಲೆಂಡಿಗೆ ಹೋದರೆ ಅವನೇ ಜಾಕ್ (Jack) ಹೋಗಿ ಜಾಕ್‌-ಜೋಕ್‌ಗಳ ನಡುವಿನ ದನಿಯ 'ಜಾಕ್' (Jock) ಆಗುತ್ತಾನೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಅಕ್ಷರ, ಏನು ಮಾಡುವುದು! ಆ ಸ್ಕಾಟಿಷ್ ಹುಡುಗನಿಂದ ಹುಟ್ಟಿದವನು ಕುದುರೆ ಸವಾರ ಜಾಕಿ. ಹಾಗೆ ನೋಡಿದರೆ ಗ್ಯಾರೇಜಿನ ಜಾಕಿಯೂ ಬಟ್ಟೆ ಅಂಗಡಿಯ ಜಾಕಿಯೂ ದಾಯಾದಿಗಳು.

ಸಲಕರಣೆಗೆ ಈ ಹೆಸರು ಹೇಗೆ ಬಂತು ಅನ್ನುವುದನ್ನು ಗಮನಿಸಿ, ಇದು ಬೇರೆ ಪದಗಳಿಗೂ ಉಪಯೋಗಕ್ಕೆ ಬರುತ್ತದೆ. ಆಳು ಮಾಡುತ್ತಿದ್ದ ಕೆಲಸವನ್ನು ಯಾವುದೋ ಸಾಮಾನು ಮಾಡಲು ಶುರು ಮಾಡಿದರೆ ಆಳಿನ ಹೆಸರೇ ಸಾಮಾನಿಗೂ ಅಂಟುತ್ತದೆ. ಬೂಟು ಎಳೆದು ತೆಗೆಯುವ ಮರದ ತುಂಡು ಬೂಟ್‌ಜಾಕ್. ಒಲೆಯ ಮುಂದೆ ಮಾಂಸದ ಸರಳು ತಿರುಗಿಸುವ ಯಂತ್ರವೂ ಜಾಕ್. ಮೊದಲು ಅಲ್ಲಿ ಒಬ್ಬ ಹುಡುಗ ಕೂತು ತಿರುಗಿಸುತ್ತಿದ್ದ. ಭಾರ ಎತ್ತುವ ಜಾಕ್ ಬರಹದಲ್ಲಿ ಸಿಗುವುದು 18ನೇ ಶತಮಾನದ ಶುರುವಿಗೆ. ಮೋಟಾರು ಗಾಡಿ ಆಗ ಎಲ್ಲಿತ್ತು? ಅಂದರೆ ಜಾಕ್ ಗಾಡಿಗಿಂತ ಹಳಬ.

ನಮ್ಮ ಮನೆಯವರ ಹತ್ತಿರ ಹಳೆಯ ಜೀಪು ಇದೆ. ಮಳೆಗಾಲದಲ್ಲಿ ರಸ್ತೆ ಬದಿಯ ಮಣ್ಣಿನ ಮೇಲೆ ಜಾಕ್ ಇಟ್ಟು ತಿರುಗಿಸಿದರೆ ಜೀಪು ಮೇಲೆ ಬರುವುದಿಲ್ಲ, ಜಾಕೇ ಕೆಳಗೆ ಇಳಿಯುತ್ತದೆ. ಅದಕ್ಕೆ ಮಲೆನಾಡಿನ ಜೀಪಿನವರು ಸೀಟಿನ ಕೆಳಗೆ ಒಂದು ದಪ್ಪ ಹಲಗೆ ಇಟ್ಟುಕೊಂಡಿರುತ್ತಾರೆ. ಹಿಂದಿನ ಚಕ್ರಕ್ಕೆ ಕಲ್ಲು ಕೊಡಬೇಕು, ಹಲಗೆ ಹಾಕಬೇಕು, ಅದರ ಮೇಲೆ ಜಾಕ್ ಕೂರಿಸಿ ಹಿಡಿಕೆ ತಿರುವಬೇಕು. ನಮ್ಮ ಜೀಪಿನ ಹಲಗೆ ಹಲಸಿನ ಮರದ್ದು, ಅಂಚೆಲ್ಲ ಗ್ರೀಸು ಹತ್ತಿ ಕಪ್ಪಾಗಿದೆ, ನಡುವೆ ಮಾತ್ರ ಹಳದಿ ಬಣ್ಣ ಕಾಣುತ್ತದೆ. ಜಾಕಿನ ಕೆಳಗೆ ಜಾಕ್ ಮರ! ಮಕ್ಕಳನ್ನು ಜೀಪಿನ ಹತ್ತಿರ ಕರೆದುಕೊಂಡು ಹೋಗಿ ಇದನ್ನೇ ತೋರಿಸುತ್ತೇನೆ. ಮೇಲಿನದು ಇಂಗ್ಲೆಂಡಿನ ಆಳು. ಕೆಳಗಿನದು ಮಲಬಾರಿನ ಹಣ್ಣು. ಇಬ್ಬರಿಗೂ ಒಬ್ಬರ ಪರಿಚಯ ಒಬ್ಬರಿಗಿಲ್ಲ.

ಇಸ್ಪೀಟಿನ ಜಾಕ್ ಕೂಡ ಆಳೇ. ಅವನ ಹಳೆಯ ಇಂಗ್ಲಿಷ್ ಹೆಸರು 'ನೇವ್'. ಮೊದಲು ಅದರ ಅರ್ಥ ಹುಡುಗ. ಆಮೇಲೆ ಕೆಲಸದ ಹುಡುಗ, ಕೊನೆಗೆ ಠಕ್ಕ. ಜರ್ಮನ್ ಭಾಷೆಯಲ್ಲಿ ಇವತ್ತಿಗೂ ಹುಡುಗನಿಗೆ 'ಕ್ನಾಬೆ' ಅನ್ನುತ್ತಾರೆ. ಎಲೆಯ ಮೂಲೆಯಲ್ಲಿ ಅಕ್ಷರ ಅಚ್ಚು ಹಾಕುವ ರೂಢಿ ಬಂದಾಗ ತೊಂದರೆ ಶುರುವಾಯಿತು. ಕಿಂಗ್‌ಗೆ ಕೆ, ನೇವ್‌ಗೆ ಕೆ-ಎನ್. ಎಲೆಗಳನ್ನು ಒತ್ತೊತ್ತಾಗಿ ಹಿಡಿದರೆ ಎರಡೂ ಕೆ ಕಾಣುತ್ತವೆ. 19ನೇ ಶತಮಾನದ ನಡುವಿಗೆ ಅಮೆರಿಕದ ಅಚ್ಚಿನವರು ಕೆ-ಎನ್ ಬಿಟ್ಟು ಜೆ ಹಾಕಿದರು. ಜಾಕ್ ಅನ್ನುವ ಹೆಸರು ಆಡುವವರ ಬಾಯಲ್ಲಿ ಅದಕ್ಕೂ ಮೊದಲೇ ಇತ್ತು.

ನಮ್ಮ ಗುಲಾಮನನ್ನೂ ಇಲ್ಲಿ ತೂಗಿ ನೋಡಿ. ಅರಬ್ಬಿಯಲ್ಲಿ ಗುಲಾಮ್ ಅಂದರೆ ಮೊದಲು ಹುಡುಗ. ಆಮೇಲೆ ಆಳು. ನೇವ್ ನಡೆದ ದಾರಿಯನ್ನೇ ಅವನೂ ನಡೆದಿದ್ದಾನೆ, ಯಾರೂ ಯಾರನ್ನೂ ನೋಡಿ ಬರೆದದ್ದಲ್ಲ. ಇಪ್ಪತ್ತೆಂಟು ಆಡುವವರಿಗೆ ಇನ್ನೊಂದು ತಮಾಷೆ ಗೊತ್ತಿದೆ: ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕ ಮತ್ತು ಹತ್ತಕ್ಕೆ ಒಂದೊಂದು. ರಾಜ ರಾಣಿಗೆ ಸೊನ್ನೆ. ಆಳೇ ದೊಡ್ಡವನು. ಮದುವೆ ಮನೆಯ ಅಟ್ಟದ ಮೇಲೆ ರಾತ್ರಿಯೆಲ್ಲ ಆಟ ನಡೆಯುವಾಗ 'ಆಟೀನ್ ಗುಲಾಮ!' ಅಂತ ಎಲೆ ಬಡಿಯುವ ಸದ್ದು ಕೇಳಿದವರಿಗೆ ಈ ಭಾಗ ವಿವರಿಸಬೇಕಾಗಿಲ್ಲ.

ಜಾಕ್‌ಪಾಟ್ ಇದೇ ಎಲೆಯಿಂದ ಹುಟ್ಟಿದ್ದು. ಪೋಕರ್ ಆಟದ ಒಂದು ಬಗೆಯಲ್ಲಿ ಕೈಯಲ್ಲಿ ಜೋಡಿ ಜಾಕ್ ಅಥವಾ ಅದಕ್ಕಿಂತ ಒಳ್ಳೆಯ ಜೋಡಿ ಬರುವ ತನಕ ಯಾರೂ ಆಟ ತೆರೆಯುವ ಹಾಗಿಲ್ಲ. ಅಷ್ಟರಲ್ಲಿ ನಡುವಿನ ಹಣ ಬೆಳೆಯುತ್ತಲೇ ಹೋಗುತ್ತದೆ. ಅದೇ ಜಾಕ್‌ಪಾಟ್.

ಇಯರ್‌ಫೋನಿನ ಜಾಕ್‌ಗೆ ಇಸವಿಯೇ ಸಾಕ್ಷಿ. ಬೆಲ್ ಟೆಲಿಫೋನಿಗೆ ಪೇಟೆಂಟ್ ಪಡೆದದ್ದು 1876ರಲ್ಲಿ. ಎಕ್ಸ್‌ಚೇಂಜಿನ ಹಲಗೆಯಲ್ಲಿ ತಂತಿ ಸೇರಿಸುವ ಬಿಡಿಭಾಗವೊಂದನ್ನು ಶಿಕಾಗೋದ ಚಾರ್ಲ್ಸ್ ಸ್ಕ್ರಿಬ್ನರ್ ಆ ದಶಕದ ಕೊನೆಗೆ ಮಾಡಿದರು. ಮಡಚುವ ಚಾಕುವಿನ ಆಕಾರ ಇದ್ದದ್ದರಿಂದ ಅದು ಜಾಕ್‌ನೈಫ್ ಸ್ವಿಚ್. ನೈಫ್ ಉದುರಿ ಹೋಗಿ ಜಾಕ್ ಉಳಿಯಿತು. ನಿಮ್ಮ ಮೊಬೈಲಿನ 3.5 ಮಿಲಿಮೀಟರ್ ತೂತು ಅದರದ್ದೇ ಮರಿ.

ಹಲಸಿನ ದಾರಿ

ಈಗ ಎರಡನೇ ಹೋಳು. ಮಲಯಾಳದಲ್ಲಿ ಹಲಸಿನ ಹಣ್ಣಿಗೆ ಚಕ್ಕ. 1498ರಲ್ಲಿ ವಾಸ್ಕೋ ಡ ಗಾಮ ಕೋಳಿಕ್ಕೋಡಿಗೆ ಬಂದ. ಹಿಂದೆಯೇ ಪೋರ್ಚುಗೀಸರ ವ್ಯಾಪಾರ ಬಂತು. ಅವರ ಬಾಯಲ್ಲಿ ಚಕ್ಕ ಹೋಗಿ 'ಝಾಕ' ಆಯಿತು. ಗೋವಾದಲ್ಲಿದ್ದ ವೈದ್ಯ ಗಾರ್ಸಿಯ ಡ ಓರ್ತಾ 1563ರಲ್ಲಿ ಅಲ್ಲೇ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಈ ಹೆಸರು ಬರೆದಿದ್ದಾನೆ. ಪೋರ್ಚುಗೀಸಿನಿಂದ ಇಂಗ್ಲಿಷಿಗೆ ಬರುವಾಗ ಅದು ಜಾಕ್ ಆಯಿತು. ಪರಿಚಯದ ಹೆಸರಿನ ಹಾಗೆ ಕೇಳಿಸಿದ್ದೂ ಅನುಕೂಲವೇ ಆಗಿರಬೇಕು. ಫ್ರೂಟ್ ಅಂತ ಬಾಲ ಸೇರಿದ್ದು ಆಮೇಲೆ.

ಒಂದು ಪದದ ದಾರಿ ಸಿಕ್ಕರೆ ಅಲ್ಲಿಗೆ ನಿಲ್ಲಬೇಡಿ. ಅದೇ ಹಡಗಿನಲ್ಲಿ ಬೇರೆ ಯಾರು ಹತ್ತಿದ್ದರು ಅಂತ ನೋಡಿ. ಇದು ನನಗೆ ಬಹಳ ಇಷ್ಟದ ಕೆಲಸ. ನಮ್ಮ ಮನೆಯ ಅಂಗಳದಲ್ಲಿ ನಿಂತು ಒಂದು ಸುತ್ತು ತಿರುಗಿದರೆ ಸಾಕು. ಅಡಿಕೆ ಇಂಗ್ಲಿಷಿನಲ್ಲಿ ಅರೆಕ. ಮಲಯಾಳದ ಅಡಕ್ಕ, ನಮ್ಮ ಅಡಿಕೆ ಪೋರ್ಚುಗೀಸರ ಬಾಯಲ್ಲಿ ಹಾಗಾದದ್ದು. ನಮ್ಮ ಡಕಾರ ಅವರ ಕಿವಿಗೆ ರಕಾರ ಅನ್ನಿಸಿದೆ. ವೀಳ್ಯದೆಲೆ ಬೀಟಲ್, ಮಲಯಾಳದ ವೆಟ್ಟಿಲದಿಂದ. ತೇಗ ಟೀಕ್, ತೇಕ್ಕ್ ಅನ್ನುವುದರಿಂದ. ಮಾವು ಮ್ಯಾಂಗೋ, ಮಾಂಗ ಅನ್ನುವುದರಿಂದ. ಎಲ್ಲವೂ ಪೋರ್ಚುಗೀಸ್ ದಾರಿಯಲ್ಲೇ ಹೋದವು. ಮಕ್ಕಳಿಗೆ ಇಂಗ್ಲಿಷ್ ಅಂದರೆ ಹೆದರಿಕೆ. ತೋಟದ ಅರ್ಧ ಅದರೊಳಗೆ ಕೂತಿದೆ ಅಂತ ಗೊತ್ತಾದ ಮೇಲೆ ಆ ಹೆದರಿಕೆ ಸ್ವಲ್ಪ ಇಳಿಯುತ್ತದೆ.

ಹಾಗಾದರೆ ನಮ್ಮ ಹಲಸು ಎಲ್ಲಿ ಹೋಯಿತು? ಹಳಗನ್ನಡದಲ್ಲಿ ಅದು ಪಲಸು. ಪಾಲು ಹಾಲಾದ ಹಾಗೆ, ಪುಲಿ ಹುಲಿಯಾದ ಹಾಗೆ ಪಲಸು ಹಲಸಾಯಿತು. ತಮಿಳಿನಲ್ಲಿ ಪಲಾ, ತುಳುವಿನಲ್ಲಿ ಪೆಲ. ಮಲಯಾಳದಲ್ಲೂ ಮರಕ್ಕೆ ಪ್ಲಾವ್ ಅಂತಲೇ ಹೇಳುತ್ತಾರೆ, ಹಣ್ಣಿಗೆ ಮಾತ್ರ ಚಕ್ಕ. ಪರದೇಶಿಗಳು ಸಂತೆಯಲ್ಲಿ ಹಣ್ಣು ನೋಡಿ ಹೆಸರು ಕೇಳಿದರೇ ಹೊರತು ಮರ ನೋಡಿ ಅಲ್ಲ ಅನ್ನಿಸುತ್ತದೆ. ಅದೇ ಪ್ರಶ್ನೆಯನ್ನು ಹೊನ್ನಾವರದಲ್ಲಿ ಮೊದಲು ಕೇಳಿದ್ದರೆ ಇವತ್ತು ಲಂಡನ್ನಿನ ಅಂಗಡಿಯಲ್ಲಿ ಬೇರೆ ಚೀಟಿ ಇರುತ್ತಿತ್ತೋ ಏನೋ. ಕನ್ನಡದ ಕಡೆಯ ಬೇರು ನೋಡಲು ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟು ಒಳ್ಳೆಯದು. ಅರ್ಥ ಇಂಗ್ಲಿಷಿನಲ್ಲಿದೆ, ಪದ ಹುಡುಕಲು ಕನ್ನಡದ ಅಕ್ಷರಮಾಲೆ ಗೊತ್ತಿದ್ದರೆ ಸಾಕು.

ಜಾಕಾಲ್ ಈ ಎರಡೂ ಮನೆಗೆ ಸೇರುವುದಿಲ್ಲ. ಅದು ಸಂಸ್ಕೃತದ ಶೃಗಾಲ. ಪರ್ಷಿಯನ್ನಿನಲ್ಲಿ ಶಗಾಲ್, ಟರ್ಕಿಯಲ್ಲಿ ಚಕಾಲ್, ಅಲ್ಲಿಂದ ಯುರೋಪು. ಜಾಕೆಟ್ ಹಳೆಯ ಫ್ರೆಂಚಿನದು. ಅಲ್ಲಿನ ರೈತರನ್ನು ಕರೆಯುತ್ತಿದ್ದ ಝಾಕ್ ಅನ್ನುವ ಹೆಸರಿನಿಂದ ಬಂತು ಅಂತ ಕೆಲವರು, ಅರಬ್ಬಿಯ ಪದದಿಂದ ಅಂತ ಕೆಲವರು ಹೇಳುತ್ತಾರೆ. ಆ ಫ್ರೆಂಚ್ ಝಾಕ್ ಕೂಡ ಜಾನ್ ಅಲ್ಲ, ಜೇಕಬ್. ನೋಟುಬುಕ್ಕಿನಲ್ಲಿ ಇಂಥದಕ್ಕೆ ಒಂದು ಪ್ರಶ್ನೆ ಗುರುತು ಹಾಕಿ ಮುಂದೆ ಹೋಗಿ. ಅಜ್ಜಿಯ ಜಾಕೀಟು ಜಾಕೆಟ್ಟಿನ ಕೆಳಗೆ ಬರುತ್ತದೆ.

ಚಂದದ ಕಥೆ ಸಿಕ್ಕರೆ ಇಸವಿ ಕೇಳಿ

ವಾಟ್ಸಾಪಿನಲ್ಲಿ ಪದಗಳ ಹುಟ್ಟಿನ ಬಗ್ಗೆ ಬರುವ ಕಥೆಗಳಿಗೆ ಲೆಕ್ಕವೇ ಇಲ್ಲ. ಕಥೆ ಎಷ್ಟು ಚಂದ ಇದೆಯೋ ಅಷ್ಟು ಅನುಮಾನ ಪಡಿ. ಹೈಜಾಕ್ ನೋಡಿ. ದರೋಡೆಕೋರ ಲಾರಿ ಡ್ರೈವರಿಗೆ 'ಹಾಯ್ ಜಾಕ್' ಅಂತ ಕೂಗಿ ಕೈ ಎತ್ತಿಸುತ್ತಿದ್ದ, ಅದರಿಂದ ಬಂತು ಅನ್ನುತ್ತಾರೆ. ಕೇಳಲು ಮಜಾ ಇದೆ, ಆಧಾರ ಇಲ್ಲ. ಪದ ಜೋರಾಗಿ ಓಡಾಡಿದ್ದು 1920ರ ದಶಕದ ಅಮೆರಿಕದಲ್ಲಿ. ಆಗ ಅಲ್ಲಿ ಪಾನನಿಷೇಧ. ಕಳ್ಳಬಟ್ಟಿ ಸಾಗಿಸುವ ಲಾರಿಯನ್ನೇ ಬೇರೆ ಕಳ್ಳರು ಅಡ್ಡಗಟ್ಟುತ್ತಿದ್ದರು. ವಿಮಾನಕ್ಕೆ ಈ ಪದ ಹತ್ತಿದ್ದು ಆಮೇಲೆ.

ಇನ್ನೊಂದು ಕಥೆ ಮೇಲ್ನೋಟಕ್ಕೆ ವಿದ್ವಾಂಸರ ಮಾತಿನ ಹಾಗೆಯೇ ಇದೆ. ವಿಲಿಯಂ ಜಾಕ್ ಅಂತ ಒಬ್ಬ ಸ್ಕಾಟ್ಲೆಂಡಿನ ಸಸ್ಯಶಾಸ್ತ್ರಜ್ಞ ಈಸ್ಟ್ ಇಂಡಿಯಾ ಕಂಪನಿಯಲ್ಲಿದ್ದ. ಜಾಕ್‌ಫ್ರೂಟಿಗೆ ಅವನ ಹೆಸರೇ ಇಟ್ಟದ್ದು ಅಂತ. ಮನುಷ್ಯ ನಿಜ, ಕೆಲಸ ನಿಜ, ಹೆಸರೂ ನಿಜ. ಈಗ ಇಸವಿ ಪಕ್ಕದಲ್ಲಿ ಇಡಿ. ಅವನು ಹುಟ್ಟಿದ್ದು 1795ರಲ್ಲಿ. ಗೋವಾದ ಪುಸ್ತಕ 1563ರದ್ದು. ಡಚ್ಚರ ವಾನ್ ರೀಡ್ ಮಲಬಾರಿನ ಗಿಡಮರಗಳ ಮೇಲೆ 12 ಸಂಪುಟ ತಂದದ್ದು 1678ರಿಂದ 1693ರ ನಡುವೆ, ಅದರಲ್ಲೂ ಚಕ್ಕ ಮರ ಇದೆ. ಅಪ್ಪ ಹುಟ್ಟುವ ಮೊದಲೇ ಮಗನಿಗೆ ಅವನ ಹೆಸರಿಡಲು ಆಗುತ್ತದಾ? ಹುಡುಗನೊಬ್ಬ ಈ ಲೆಕ್ಕವನ್ನು ಬೆರಳಲ್ಲಿ ಕಳೆದು ನೋಡಿ 'ಅಕ್ಕಾ, ಕಥೆ ಬಿತ್ತು!' ಅಂತ ಕೂಗಿದ್ದಕ್ಕೆ ಪೇಪರು ಓದುತ್ತಿದ್ದ ಹಿರಿಯರು ತಲೆ ಎತ್ತಿ ನೋಡಿದರು.

ಇಷ್ಟಾದ ಮೇಲೆ ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಹಳೆಯ ಕ್ಯಾಲೆಂಡರಿನ ಹಿಂಬದಿ ಸಾಕು. ಎಡಗಡೆ ಜಾನ್, ಬಲಗಡೆ ಚಕ್ಕ, ಕೆಳಗೆ ಒಂದು ಮೂಲೆಯಲ್ಲಿ ಶೃಗಾಲ. ಒಂದೊಂದರಿಂದ ಗೆರೆ ಎಳೆದು, ಗೆರೆಯ ಮೇಲೆ ಇಸವಿ, ಅಡಿಗೆ ನೀವು ಮೊದಲು ಬರೆದುಕೊಂಡ ವಾಕ್ಯ. ಎಡಕ್ಕೂ ಬಲಕ್ಕೂ ನಡುವೆ ಗೆರೆ ಎಳೆಯುವ ಆಸೆ ಆಗುತ್ತದೆ, ಎಳೆಯಬೇಡಿ. ಖಚಿತ ಆಗದ್ದಕ್ಕೆ ಪೆನ್ಸಿಲ್ಲಿನಲ್ಲಿ ಚುಕ್ಕಿ ಗೆರೆ.

ಮುಂದಿನದಕ್ಕೆ ಬ್ಯಾಟ್ ಹಿಡಿಯಿರಿ, ಸುಲಭ ಇದೆ. ಕ್ರಿಕೆಟ್ ಬ್ಯಾಟ್ ಒಂದು, ಸಂಜೆ ಪೇರಳೆ ಮರಕ್ಕೆ ಬರುವ ಬಾವಲಿ ಇನ್ನೊಂದು. ಹೆಗಲ ಅಂಕಿ ನೋಡಿ. ಬಾವಲಿಯ ಹತ್ತಿರ 'ಬಕ್ಕೆ' ಅಂತ ಒಂದು ಮಿಡಲ್ ಇಂಗ್ಲಿಷ್ ರೂಪ ಸಿಗುತ್ತದೆ. ನಮ್ಮ ಬಕ್ಕೆ ಹಲಸಿಗೂ ಅದಕ್ಕೂ ಗೆರೆ ಎಳೆಯಲು ಹೊರಟವರು ಮೊದಲು ನನ್ನ ಹತ್ತಿರ ಬನ್ನಿ.